ಬರೆಯದ ಪೆನ್ನು, ಮೂಡದ ಚಿತ್ರ: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ

ಹಳೆಯ ಫೌಂಟನ್ ಪೆನ್ನು ಕೈಗೆ ಬಂತು, ಶಾಯಿ ತುಂಬಿಸಿದಿರಿ, ಬರೆಯುತ್ತಿಲ್ಲ. ಹಳೆಯ ಕ್ಯಾಮೆರಾಗೆ ಒಂದು ರೀಲು ಹಾಕಿ ಚಿತ್ರ ತೆಗೆದಿರಿ, ಡೆವಲಪ್ ಮಾಡಿಸಿ ನೋಡಿದರೆ ಅರ್ಧಕ್ಕರ್ಧ ಖಾಲಿ. ಇಂಥ ಹೊತ್ತಲ್ಲಿ ಕೈ ನೇರವಾಗಿ ನಿಬ್ಬಿಗೋ ಸ್ಕ್ರೂಡ್ರೈವರಿಗೋ ಹೋಗುತ್ತದೆ. ದಯವಿಟ್ಟು ಬೇಡ. ಒಳಗಿನ ರಬ್ಬರ್ ಚೀಲ ಗಟ್ಟಿಯಾಗಿ ಶಾಯಿ ಏರದೇ ಇರುವಾಗ ಚೆನ್ನಾಗಿದ್ದ ನಿಬ್ಬನ್ನು ಬಗ್ಗಿಸುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಈ ಎರಡೂ ವಸ್ತುಗಳಲ್ಲಿ ಒಂದು ಒಳ್ಳೆಯ ಗುಣ ಇದೆ. ತಮ್ಮ ತೊಂದರೆಯನ್ನು ತಾವೇ ಬರೆದಿಡುತ್ತವೆ. ಪೆನ್ನು ಕಾಗದದ ಮೇಲೆ ಬರೆಯುತ್ತದೆ, ಕ್ಯಾಮೆರಾ ನೆಗೆಟಿವ್ ಮೇಲೆ. ಅದನ್ನು ಓದಲು ಬಂದರೆ ಒಂದು ಸ್ಕ್ರೂ ಕೂಡ ಬಿಚ್ಚದೆ ದೋಷದ ಜಾಗ ಗೊತ್ತಾಗುತ್ತದೆ. ಇನ್ನೊಂದು ಮಾತು. ಹಳೆಯ ಪೆನ್ನು, ಕ್ಯಾಮೆರಾಗಳಲ್ಲಿ ಮುರಿದಿರುವುದು ಕಡಿಮೆ, ಒಣಗಿರುವುದು ಜಾಸ್ತಿ. ಶಾಯಿ ಒಣಗಿರುತ್ತದೆ, ಗ್ರೀಸ್ ಒಣಗಿರುತ್ತದೆ, ರಬ್ಬರ್ ಸೆಟೆದಿರುತ್ತದೆ, ಸ್ಪಂಜು ಪುಡಿಯಾಗಿರುತ್ತದೆ. ಒಣಗಿದ್ದನ್ನು ಬಲ ಹಾಕಿ ಎಳೆದಾಗಲೇ ನಿಜವಾಗಿ ಮುರಿಯುವುದು.

ಪೆನ್ನನ್ನು ನೀರಿಗೆ ಹಾಕುವ ಮುನ್ನ

ಪೆನ್ನಿನ ಮೈ ಯಾವುದರದ್ದು ಅಂತ ಮೊದಲು ನೋಡಿ. ಎಬೊನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿದರೆ ಸುಟ್ಟ ರಬ್ಬರಿನಂಥ ವಾಸನೆ ಬರುತ್ತದೆ. ಇದನ್ನು ನೀರಲ್ಲಿ ನೆನೆಸಿಟ್ಟರೆ ಕಪ್ಪು ಹೋಗಿ ಮಾಸಲು ಕಂದು ಬಣ್ಣಕ್ಕೆ ತಿರುಗುತ್ತದೆ, ಮತ್ತೆ ಹಳೆಯ ಬಣ್ಣ ಸುಲಭಕ್ಕೆ ಬರುವುದಿಲ್ಲ. ಹಾಲಿನ ಪ್ರೊಟೀನಿನಿಂದ ಮಾಡಿದ ಕೇಸೀನ್ ಪೆನ್ನುಗಳೂ ಇವೆ. ಅವು ನೀರು ಕುಡಿದು ಉಬ್ಬುತ್ತವೆ. ಸೆಲ್ಯುಲಾಯ್ಡ್‌ಗೆ ನೀರಿಗಿಂತ ಸ್ಪಿರಿಟ್ ಮತ್ತು ಬಿಸಿ ಅಪಾಯ. ಮೈ ಕರಗಬಹುದು, ಬೆಂಕಿ ಬೇಗ ಹಿಡಿಯುತ್ತದೆ. ಗುರುತು ಸಿಗದಿದ್ದರೆ ನಿಬ್ಬು ಮುಳುಗುವಷ್ಟು ಮಾತ್ರ, ತಣ್ಣೀರಲ್ಲಿ ಮಾತ್ರ. ಅಸಿಟೋನ್ ಯಾವ ಪೆನ್ನಿನ ಹತ್ತಿರಕ್ಕೂ ತರಬೇಡಿ.

ಬರೆಯುತ್ತಲೇ ಇಲ್ಲ

ಪೆನ್ನು ಖಾಲಿ ಇರುವಾಗಲೇ ನಿಬ್ಬನ್ನು ಶಾಯಿಯಲ್ಲಿ ಅದ್ದಿ, ಬಾಟಲಿಯ ಅಂಚಿಗೆ ತಾಗಿಸಿ ಹೆಚ್ಚಾದದ್ದನ್ನು ಇಳಿಸಿ, ಒಂದೆರಡು ಸಾಲು ಬರೆಯಿರಿ. ಪೆನ್ನಿನ ಪರೀಕ್ಷೆಗಳಲ್ಲೆಲ್ಲ ನಾನು ತುಂಬಾ ನಂಬುವುದು ಇದನ್ನು.

ಅದ್ದಿದರೂ ಬರೆಯದಿದ್ದರೆ ತೊಂದರೆ ನಿಬ್ಬಿನ ತುದಿಯಲ್ಲಿ. ಎರಡು ಕವಲುಗಳು ಒಂದಕ್ಕೊಂದು ಬಿಗಿಯಾಗಿ ಕಚ್ಚಿಕೊಂಡಿರಬಹುದು, ಇಲ್ಲವೇ ಸೀಳಿನಲ್ಲಿ ಹಳೆಯ ಶಾಯಿ ಕೂತಿರಬಹುದು. 0.05 ಮಿಲಿಮೀಟರ್ ದಪ್ಪದ ಹಿತ್ತಾಳೆ ಹಾಳೆಯ ಚೂರನ್ನು ಸೀಳಿನಲ್ಲಿ ಮೆಲ್ಲಗೆ ಜಾರಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಬ್ಲೇಡ್ ಬಳಸಬೇಡಿ, ಅದು ಲೋಹವನ್ನು ಕೆತ್ತುತ್ತದೆ.

ಅದ್ದಿದಾಗ ಸೊಗಸಾಗಿ ಬರೆದು, ಎರಡು ಸಾಲಿನ ಮೇಲೆ ಬತ್ತಿದರೆ ನಿಬ್ಬು ಸರಿಯಿದೆ. ಅದನ್ನು ಮುಟ್ಟಲೇಬೇಡಿ. ತೊಂದರೆ ಹಿಂದಿದೆ, ನಿಬ್ಬಿನ ಅಡಿಗಿದ್ದು ಅದಕ್ಕೆ ಶಾಯಿ ಹರಿಸುವ ಫೀಡಿನಲ್ಲೋ ತುಂಬುವ ವ್ಯವಸ್ಥೆಯಲ್ಲೋ.

ಈಗ ಶಾಯಿಯ ಬದಲು ನೀರು ತುಂಬಿಸಿ ನೋಡಿ. ಸನ್ನೆ ಎತ್ತಿ ತುಂಬುವ ಪೆನ್ನಾದರೆ, ನಿಬ್ಬನ್ನು ನೀರಲ್ಲಿಟ್ಟು ಸನ್ನೆ ಎತ್ತಿದಾಗ ಗುಳ್ಳೆ ಬರಬೇಕು. ಬಿಟ್ಟ ಮೇಲೆ ಹತ್ತು ಸೆಕೆಂಡ್ ಕಾಯಿರಿ, ಚೀಲ ಉಬ್ಬಲು ಸಮಯ ಬೇಕು. ಆಮೇಲೆ ಖಾಲಿ ಲೋಟದ ಮೇಲೆ ಹಿಡಿದು ಮತ್ತೆ ಸನ್ನೆ ಎತ್ತಿ. ನೀರು ಚೆನ್ನಾಗಿ ಬಂದರೆ ಚೀಲ ಸರಿ. ಗುಳ್ಳೆಯೇ ಇಲ್ಲ ಅಂದರೆ ಚೀಲ ತೂತಾಗಿದೆ ಅಥವಾ ಕಳಚಿದೆ. ಸನ್ನೆ ಅಲುಗಾಡುತ್ತಲೇ ಇಲ್ಲ ಅಂದರೆ ಚೀಲ ಕಲ್ಲಾಗಿದೆ. ಅಲ್ಲಿ ಬಲ ಹಾಕಿದರೆ ಸನ್ನೆ ಮುರಿಯುತ್ತದೆ ಅಥವಾ ಪೆನ್ನಿನ ಮೈ ಸೀಳುತ್ತದೆ. ಸನ್ನೆ ಸಡಿಲವಾಗಿ ಆಡಿ, ಅಲ್ಲಾಡಿಸಿದಾಗ ಒಳಗೆ ಗಿಲಗಿಲ ಸದ್ದು ಬಂದರೆ ಚೀಲ ಚೂರಾಗಿದೆ. ಮೂರಕ್ಕೂ ಮದ್ದು ಒಂದೇ: ಹೊಸ ಚೀಲ, ಅಂಟಿಸಲು ಅರಗಿನಿಂದ ಮಾಡಿದ ಶೆಲಾಕ್. ಬೇರೆ ಅಂಟು ಬೇಡ. ಶೆಲಾಕ್ ಹಗುರವಾದ ಬಿಸಿಗೆ ಬಿಡುತ್ತದೆ, ಮುಂದೆ ರಿಪೇರಿ ಮಾಡುವವರು ಪೆನ್ನನ್ನು ಮುರಿಯದೆ ಬಿಚ್ಚಬಹುದು.

1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51 ನಿಮ್ಮ ಹತ್ತಿರ ಇದ್ದರೆ ಅದರ ಹಿಂಬದಿ ಬಿಚ್ಚಿ ನೋಡಿ. ಲೋಹದ ಕವಚದೊಳಗೆ ಮೆತ್ತಗಿನ ಪಾರದರ್ಶಕ ಚೀಲ ಇದ್ದರೆ ಅದು 1948ರಿಂದ ಈಚಿನ ಏರೋಮೆಟ್ರಿಕ್. ಆ ಚೀಲ ರಬ್ಬರಿನದ್ದಲ್ಲ, ಪಿವಿಸಿಯದ್ದು. ಇಂದಿಗೂ ಬಹುಪಾಲು ಚೆನ್ನಾಗಿರುತ್ತದೆ. ಒಂದೇ ಸಲ ಒತ್ತಿ ತುಂಬಲಿಲ್ಲ ಅಂತ ಬೇಸರ ಪಡಬೇಡಿ, ಹಲವು ಸಲ ಒತ್ತಬೇಕು. ಅದಕ್ಕೂ ಮುಂಚಿನ ವ್ಯಾಕ್ಯುಮ್ಯಾಟಿಕ್‌ನಲ್ಲಿ ರಬ್ಬರ್ ಪೊರೆ ಇರುತ್ತದೆ. ಅದನ್ನು ಬದಲಿಸಲು ಬೇರೆಯದೇ ಉಪಕರಣ ಬೇಕು, ತಿಳಿದವರ ಕೈಗೆ ಕೊಡಿ.

ಹಿಂಬದಿಯ ಗುಂಡಿ ತಿರುಗಿಸಿ ತುಂಬುವ ಪಿಸ್ಟನ್ ಪೆನ್ನಿನಲ್ಲಿ ತೊಂದರೆ ಎರಡು ಬಗೆ. ಗುಂಡಿ ಸರಾಗ ತಿರುಗಿಯೂ ನೀರು ಏರದಿದ್ದರೆ ಒಳಗಿನ ಬಿರಡೆ ಸವೆದಿದೆ. 1929ರಲ್ಲಿ ಬಂದ ಪೆಲಿಕಾನ್‌ನಂಥ ಹಳೆಯವುಗಳಲ್ಲಿ ಅದು ಕಾರ್ಕ್. ಒಣಗಿದರೆ ಕುಗ್ಗುತ್ತದೆ. ಗುಂಡಿ ತಿರುಗದಿದ್ದರೆ ಒಣಗಿದ ಶಾಯಿ ಹಿಡಿದುಕೊಂಡಿದೆ. ನಿಬ್ಬನ್ನು ನೀರಲ್ಲಿ ನೆನೆಸಿ ಕಾಯಿರಿ, ಒಂದೆರಡು ದಿನ ಬೇಕಾದರೂ.

ನೀರು ಚೆನ್ನಾಗಿ ಏರಿ ಇಳಿದೂ ಬರವಣಿಗೆ ಬತ್ತಿದರೆ ಫೀಡಿನ ಮೇಲೆ ಅನುಮಾನ ಪಡಿ. ಫೀಡಿನ ಕೆಲಸ ಎರಡು: ಶಾಯಿಯನ್ನು ಮುಂದಕ್ಕೆ ಕಳಿಸುವುದು, ಅಷ್ಟೇ ಗಾಳಿಯನ್ನು ಹಿಂದಕ್ಕೆ ಬಿಡುವುದು. ಗಾಳಿಯ ದಾರಿ ಕಟ್ಟಿದರೆ ಶಾಯಿ ನಿಲ್ಲುತ್ತದೆ. ಇದರ ಗುರುತು ಸ್ಪಷ್ಟ: ಕೆಲವು ಸಾಲು ಬರೆದು ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಬರೆಯುತ್ತದೆ. ತಣ್ಣೀರು ತುಂಬಿ ಚೆಲ್ಲಿ, ನೀರು ತಿಳಿಯಾಗುವ ತನಕ ಮಾಡಿ. ಬಗ್ಗದಿದ್ದರೆ ಒಂದು ಪಾಲು ಮನೆಬಳಕೆಯ ಅಮೋನಿಯಾಗೆ ಹತ್ತು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ. ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಿರಿ. ಹಿತ್ತಾಳೆ, ಅಲ್ಯುಮಿನಿಯಂ ಭಾಗಗಳಿದ್ದರೆ ಅದರಲ್ಲಿ ನೆನೆಸಿಡಬೇಡಿ. ಯಾರಾದರೂ ಹಿಂದೆ ಚಿತ್ರಕಲೆಯ ಇಂಡಿಯಾ ಇಂಕ್ ತುಂಬಿದ್ದರೆ ಬಿಡಿಸುವುದು ನಿಜಕ್ಕೂ ಕಷ್ಟ. ಅದು ಒಣಗಿದರೆ ನೀರಿಗೆ ಕರಗುವುದಿಲ್ಲ.

ಬರೆಯುತ್ತದೆ, ಆದರೆ ಶುರುವಾಗಲು ಸತಾಯಿಸುತ್ತದೆ

ಇಲ್ಲಿ ಎಲ್ಲಿ, ಯಾವಾಗ ತಪ್ಪುತ್ತದೆ ಅನ್ನುವುದೇ ಉತ್ತರ. ರಾತ್ರಿ ಚೆನ್ನಾಗಿದ್ದು ಬೆಳಗ್ಗೆ ಬರೆಯದಿದ್ದರೆ ಮುಚ್ಚಳ ನೋಡಿ. ಒಳಮುಚ್ಚಳ ಬಿರುಕು ಬಿಟ್ಟಿದ್ದರೆ ನಿಬ್ಬು ಒಣಗುತ್ತದೆ. ಹೊರಗೆ ಕಾಣುವ ಸಣ್ಣ ತೂತನ್ನು ಮಾತ್ರ ಮುಚ್ಚಬೇಡಿ, ಎಷ್ಟೋ ಹಳೆಯ ಮುಚ್ಚಳಗಳಿಗೆ ಅದನ್ನು ಬೇಕೆಂದೇ ಕೊರೆದಿರುತ್ತಾರೆ.

ಪುಟದ ಮೇಲ್ಭಾಗದಲ್ಲಿ ಚೆನ್ನಾಗಿ ಬರೆದು ಕೆಳಭಾಗದಲ್ಲಿ ತಪ್ಪುತ್ತಿದ್ದರೆ? ಪೆನ್ನಿನದ್ದೇನೂ ತಪ್ಪಿಲ್ಲ. ಅಂಗೈ ಊರಿದ ಕಡೆ ಎಣ್ಣೆಪಸೆ ಹತ್ತಿದೆ. ಕೈ ಕೆಳಗೆ ಒಂದು ಹಾಳೆ ಇಟ್ಟುಕೊಂಡು ಬರೆದು ನೋಡಿ, ಸುಮ್ನೆ ನಿಬ್ಬನ್ನು ಬೈಯ್ಯುವುದು ನಿಲ್ಲುತ್ತದೆ.

ಪ್ರತಿ ಪದದ ಮೊದಲ ಗೆರೆ ಮಾತ್ರ ಮೂಡದೆ, ಸ್ವಲ್ಪ ಒತ್ತಿದರೆ ಮೂಡಿದರೆ ತುದಿಯ ಒಳಅಂಚುಗಳನ್ನು ಯಾರೋ ಅತಿಯಾಗಿ ನುಣುಪು ಮಾಡಿದ್ದಾರೆ. ಶಾಯಿ ಸೀಳಿನೊಳಗೇ ನಿಲ್ಲುತ್ತದೆ, ಕಾಗದ ಮುಟ್ಟುವುದಿಲ್ಲ. ಇದನ್ನು ಸರಿಮಾಡಲು ತುದಿಯನ್ನು ಮತ್ತೆ ಉಜ್ಜಬೇಕು. ಉಜ್ಜಿದ ಲೋಹ ವಾಪಸ್ ಬರುವುದಿಲ್ಲ, ಹಾಗಾಗಿ ಇದು ನಿಬ್ಬಿನ ಕೆಲಸ ಗೊತ್ತಿರುವವರದ್ದು.

ಕೆರೆಯುತ್ತದೆ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದು ಇಟ್ಟುಕೊಳ್ಳಿ. ನಿಬ್ಬನ್ನು ಮೇಲಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ತುದಿ ನಿಮ್ಮ ಕಣ್ಣಿಗೇ ಮುಖ ಮಾಡಿರುವಂತೆ ಹಿಡಿದು, ಹಿಂದೆ ಬೆಳಕಿರುವ ಕಡೆ ತಿರುಗಿ. ಎರಡು ಪುಟ್ಟ ಗುಂಡು ಮಣಿಗಳು ಅಕ್ಕಪಕ್ಕ ಕಾಣುತ್ತವೆ, ನಡುವೆ ಕೂದಲೆಳೆಯಷ್ಟು ಸೀಳು. ಮಣಿಗಳ ತಳ ಒಂದೇ ಮಟ್ಟದಲ್ಲಿರಬೇಕು. ಒಂದು ಮೇಲೆ ಒಂದು ಕೆಳಗೆ ಇದ್ದರೆ ಕೆರೆತಕ್ಕೆ ಅದೇ ಕಾರಣ.

ಭೂತಗನ್ನಡಿ ಇಲ್ಲದಿದ್ದರೂ ಒಂದು ಉಪಾಯ ಇದೆ. ಒತ್ತದೆ, ಪೆನ್ನಿನ ತೂಕಕ್ಕೇ ಬಿಟ್ಟು ಅಡ್ಡ ಗೆರೆಗಳನ್ನು ಎಳೆಯಿರಿ, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಬಲಕ್ಕೆ ಎಳೆದಾಗ ಕೆರೆದರೆ ಎಡಗಡೆಯ ಕವಲು ಕೆಳಗಿದೆ. ಅದರ ಒಳಅಂಚು ಮುಂದೆ ನಿಂತು ಕಾಗದವನ್ನು ಕೊರೆಯುತ್ತದೆ. ಎಡಕ್ಕೆ ಎಳೆದಾಗ ಕೆರೆದರೆ ಬಲಗವಲು. ಕೆಳಗಿರುವ ಕವಲನ್ನು ಉಗುರಿನಿಂದ ತುಸುವೇ ಮೇಲೆತ್ತಿ, ಬಿಟ್ಟು, ಮತ್ತೆ ನೋಡಿ. ಎಲ್ಲ ದಿಕ್ಕಿಗೂ ಸಮನಾಗಿ ಕೆರೆದರೆ ಮಾತ್ರ ತುದಿ ಒರಟಾಗಿದೆ ಅನ್ನಬಹುದು. ಕೆರೆತ ಅಂದ ತಕ್ಷಣ ಮರಳು ಕಾಗದ ಹಿಡಿಯುವ ಅಭ್ಯಾಸದಿಂದ ಎಷ್ಟೋ ಒಳ್ಳೆಯ ನಿಬ್ಬುಗಳು ಹಾಳಾಗಿವೆ.

ಸೋರುವ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಿಡಿಯುವ ಭಾಗದ ತಿರುಪಿನಲ್ಲಿ ಶಾಯಿ ಕಂಡರೆ ಸೀಲ್ ಹೋಗಿದೆ. ನೇರ ಮೈಯೊಳಗೇ ಶಾಯಿ ತುಂಬುವ ಪೆನ್ನಾದರೆ ತಿರುಪಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಹಚ್ಚಿ. ಶಾಯಿ ಮುಗಿಯುತ್ತಾ ಬಂದಾಗ ಮಾತ್ರ ದೊಡ್ಡ ಹನಿ ಬಿದ್ದರೆ, ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಶಾಯಿಯನ್ನು ತಳ್ಳುತ್ತಿದೆ. ತುಂಬಿಸಿಕೊಳ್ಳಿ, ಅಷ್ಟೇ.

ಕ್ಯಾಮೆರಾ: ರೀಲು ಹಾಕುವ ಮುನ್ನ

ಕ್ಲಿಕ್ಕೇ ಆಗದ ಕ್ಯಾಮೆರಾ ಕೆಟ್ಟಿದೆ ಅಂತ ತೀರ್ಮಾನಿಸುವ ಮುನ್ನ ಅದರ ಸ್ವಭಾವ ತಿಳಿಯಿರಿ. 1976ರ ಕ್ಯಾನನ್ ಎಇ-1ಗೆ 6 ವೋಲ್ಟಿನ ಬ್ಯಾಟರಿ ಇಲ್ಲದಿದ್ದರೆ ಷಟರ್, ಅಂದರೆ ಫಿಲಂಗೆ ಬೆಳಕು ಬಿಟ್ಟು ಮುಚ್ಚುವ ಬಾಗಿಲು, ಬೀಳುವುದೇ ಇಲ್ಲ. 1977ರ ನಿಕಾನ್ ಎಫ್‌ಎಂ ಬ್ಯಾಟರಿ ಇಲ್ಲದೆಯೂ ಎಲ್ಲ ವೇಗಗಳಲ್ಲಿ ಓಡುತ್ತದೆ. ಪೆಂಟ್ಯಾಕ್ಸ್ ಕೆ1000ರ ಬೆಳಕು ಅಳೆಯುವ ಮೀಟರಿಗೆ ಆಫ್ ಸ್ವಿಚ್ಚೇ ಇಲ್ಲ. ಲೆನ್ಸ್ ಮುಚ್ಚಳ ಹಾಕದೆ ಇಟ್ಟರೆ ಬ್ಯಾಟರಿ ಇಳಿಯುತ್ತದೆ, ಅದು ದೋಷವಲ್ಲ. ಜೋರ್ಕಿ-4ರಲ್ಲಿ ಷಟರ್ ಎಳೆದ ನಂತರವೇ ವೇಗ ಬದಲಿಸಬೇಕು, ಮೊದಲೇ ತಿರುಗಿಸಿದರೆ ಒಳಗಿನ ಭಾಗ ಹಾಳಾಗುತ್ತದೆ. ಸೆಲ್ಫ್ ಟೈಮರ್ ಸನ್ನೆಯನ್ನು ಹಳೆಯ ಕ್ಯಾಮೆರಾದಲ್ಲಿ ಮುಟ್ಟದಿರುವುದೇ ವಾಸಿ. ಅರ್ಧದಲ್ಲಿ ಸಿಕ್ಕಿಕೊಂಡರೆ ಷಟರನ್ನೂ ಹಿಡಿದುಬಿಡಬಹುದು.

ಈಗ ಹಿಂಬಾಗಿಲು ತೆರೆದು ಕಿಟಕಿಯ ಕಡೆ ಹಿಡಿಯಿರಿ. ಒಂದೊಂದೇ ವೇಗದಲ್ಲಿ ಕ್ಲಿಕ್ ಮಾಡಿ ಷಟರ್ ನೋಡಿ. 1 ಸೆಕೆಂಡಿಗೆ ಇಟ್ಟಾಗ ಒಳಗಿನ ಚಕ್ರಗಳು ಗುಯ್‌ಗುಟ್ಟಿ ಸರಿಯಾಗಿ ಮುಗಿಯಬೇಕು. ನಡುವೆ ತಡೆದು ನಿಂತರೆ ನಿಧಾನ ವೇಗಗಳ ಗ್ರೀಸ್ ಅಂಟಾಗಿದೆ. ಎಲೆಯಂಥ ರೆಕ್ಕೆಗಳ ಷಟರ್ ಆದರೆ ರೆಕ್ಕೆಯ ಮೇಲೆ ಎಣ್ಣೆಯ ಹೊಳಪಿದೆಯಾ ನೋಡಿ. ಎಣ್ಣೆ ಇದ್ದಲ್ಲಿ ರೆಕ್ಕೆಗಳು ಸೋಮಾರಿಯಾಗುತ್ತವೆ. ಹಲವು ಸಲ ಕ್ಲಿಕ್ ಮಾಡಿದರೆ ತಾತ್ಕಾಲಿಕವಾಗಿ ಸರಿಹೋದಂತೆ ಕಾಣಬಹುದು. ನಂಬಬೇಡಿ, ಮರುದಿನ ಮೊದಲ ಕ್ಲಿಕ್ಕನ್ನು ನೋಡಿ. ಎಣ್ಣೆ ಸ್ಪ್ರೇ ಮಾತ್ರ ಬೇಡವೇ ಬೇಡ. ಬೇಡದ ಕಡೆಗೆಲ್ಲ ಹರಿದು ಇನ್ನಷ್ಟು ಕೆಡಿಸುತ್ತದೆ.

ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ಇದ್ದರೆ ನಿಧಾನ ವೇಗಗಳನ್ನು ಅಳೆಯಬಹುದು. ಒಂದು ಫ್ರೇಮ್ ಸುಮಾರು 4 ಮಿಲಿಸೆಕೆಂಡ್. 1/30ರಲ್ಲಿ ಷಟರ್ 8 ಫ್ರೇಮ್ ತೆರೆದಿರಬೇಕು, 1/15ರಲ್ಲಿ 16. 1/125ಕ್ಕಿಂತ ಮೇಲಿನ ವೇಗಕ್ಕೆ ಈ ಲೆಕ್ಕ ಸಾಲದು.

ಬಾಗಿಲಿನ ಸುತ್ತ ಇರುವ ಕಪ್ಪು ಸ್ಪಂಜನ್ನು ಹಲ್ಲುಕಡ್ಡಿಯಿಂದ ಮುಟ್ಟಿ ನೋಡಿ. ಡಾಂಬರಿನಂತೆ ಅಂಟಿದರೆ ಅಥವಾ ಉದುರಿದರೆ ಬದಲಿಸಲೇಬೇಕು. ಕೆರೆದು ತೆಗೆಯುವಾಗ ಚೂರುಗಳು ಷಟರ್ ಪರದೆ ಮೇಲೆ ಬೀಳದಂತೆ ಕ್ಯಾಮೆರಾವನ್ನು ಬೋರಲು ಹಿಡಿಯಿರಿ. ಪರದೆಗೆ, ಕನ್ನಡಿಗೆ ಬೆರಳು ತಾಗಿಸಬೇಡಿ.

ನೆಗೆಟಿವ್ ಓದುವುದು

ಪ್ರಿಂಟ್ ಅಥವಾ ಸ್ಕ್ಯಾನ್ ನೋಡಿ ಕ್ಯಾಮೆರಾದ ದೋಷ ಹೇಳಲು ಹೋಗಬೇಡಿ. ಸ್ಕ್ಯಾನರ್ ತಾನಾಗಿಯೇ ಬೆಳಕನ್ನು ಸರಿಪಡಿಸಿ ಅರ್ಧ ಸಾಕ್ಷಿಯನ್ನು ಅಳಿಸಿರುತ್ತದೆ. ನೆಗೆಟಿವ್ ಪಟ್ಟಿಯನ್ನೇ ಬಿಳಿ ಬೆಳಕಿಗೆ ಹಿಡಿಯಿರಿ. ಮೊದಲು ನೋಡಬೇಕಾದ್ದು ಚಿತ್ರಗಳನ್ನಲ್ಲ, ಅಂಚನ್ನು. ಫಿಲಂ ಹೆಸರು, ಫ್ರೇಮ್ ಸಂಖ್ಯೆ ಅಲ್ಲಿರುತ್ತವೆ. ಅವನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಅಚ್ಚು ಹಾಕಿರುತ್ತಾರೆ, ನಿಮ್ಮ ಕ್ಯಾಮೆರಾಗೂ ಅವಕ್ಕೂ ಸಂಬಂಧ ಇಲ್ಲ. ಹಾಗಾಗಿಯೇ ಅವು ಒಳ್ಳೆಯ ಸಾಕ್ಷಿ.

ಅಂಚಿನ ಅಕ್ಷರ ಗಾಢವಾಗಿದ್ದು ಚಿತ್ರಗಳೇ ಇಲ್ಲದಿದ್ದರೆ ಡೆವಲಪಿಂಗ್ ಸರಿಯಾಗಿದೆ, ಫಿಲಂಗೆ ಬೆಳಕು ತಾಗಿಲ್ಲ. ಷಟರ್ ತೆರೆದಿಲ್ಲ, ಅಥವಾ ಫಿಲಂ ಓಡಿಯೇ ಇಲ್ಲ. ಎರಡನೆಯದು ಜಾಸ್ತಿ. ಮುಂದಿನ ಸಲ ಫಿಲಂ ಎಳೆಯುವಾಗ ರಿವೈಂಡ್ ಗುಂಡಿ ತಿರುಗುತ್ತಿದೆಯಾ ಗಮನಿಸಿ. ತಿರುಗದಿದ್ದರೆ ಫಿಲಂ ಕಚ್ಚಿಕೊಂಡಿಲ್ಲ.

ಅಂಚಿನ ಅಕ್ಷರವೂ ಇಲ್ಲ, ಪಟ್ಟಿ ಪೂರ್ತಿ ಖಾಲಿ ಅಂದರೆ ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್ ಸತ್ತಿದೆ, ಅಥವಾ ಮೂಡಿದ ಚಿತ್ರವನ್ನು ನಿಲ್ಲಿಸುವ ಫಿಕ್ಸರನ್ನು ಮೊದಲು ಸುರಿದಿದ್ದಾರೆ. ಕ್ಯಾಮೆರಾ ನಿರ್ದೋಷಿ. ಚಿತ್ರ ತೆಳುವಾಗಿದ್ದು ಅಕ್ಷರವೂ ತೆಳುವಾಗಿದ್ದರೆ ಡೆವಲಪಿಂಗ್ ಕಡಿಮೆಯಾಗಿದೆ. ಚಿತ್ರ ಮಾತ್ರ ತೆಳುವಾಗಿ ಅಕ್ಷರ ಗಾಢವಾಗಿದ್ದರೆ ಬೆಳಕು ಸಾಲದಾಗಿದೆ, ಮೀಟರ್ ಕಡೆ ನೋಡಿ. ಕಪ್ಪುಬಿಳುಪು ನೆಗೆಟಿವ್ ಹಾಲುಹಾಲಾಗಿ ಮಂಜಾಗಿದ್ದರೆ ಫಿಕ್ಸಿಂಗ್ ಮುಗಿದಿಲ್ಲ. ಹೊಸ ಫಿಕ್ಸರಿನಲ್ಲಿ ಮತ್ತೆ ಹಾಕಿದರೆ ಉಳಿಯುತ್ತದೆ.

ಬೆಳಕು ಸೋರಿದ್ದು ನೆಗೆಟಿವ್‌ನಲ್ಲಿ ಕಪ್ಪಾಗಿ ಕಾಣುತ್ತದೆ. ಆ ಕಪ್ಪು ಫ್ರೇಮ್ ದಾಟಿ ಫಿಲಂ ಅಂಚಿನ ಹಲ್ಲಿನ ತೂತುಗಳ ತನಕ ಹರಡಿದ್ದರೆ ಬೆಳಕು ಬಂದದ್ದು ಹಿಂಬಾಗಿಲಿನಿಂದ, ಅದೇ ಪುಡಿಯಾದ ಸ್ಪಂಜಿನಿಂದ. ಬಣ್ಣದ ಫಿಲಂ ಆದರೆ ಪ್ರಿಂಟಿನಲ್ಲಿ ಕೆಂಪು ಅಥವಾ ಕಿತ್ತಳೆ ಪಟ್ಟೆ. ಹಿಂದಿನಿಂದ ಬಂದ ಬೆಳಕು ಮೊದಲು ತಾಗುವುದು ಕೆಂಪು ಗ್ರಹಿಸುವ ಪದರಕ್ಕೆ, ಅದಕ್ಕೇ ಆ ಬಣ್ಣ. ಕಪ್ಪು ಫ್ರೇಮ್ ಒಳಗೇ ನಿಂತಿದ್ದರೆ ಮುಂಬದಿ ನೋಡಿ: ಬಟ್ಟೆಯ ಷಟರ್ ಪರದೆಯಲ್ಲಿ ಸೂಜಿತೂತು, ಅಥವಾ ಮಡಿಸುವ ಕ್ಯಾಮೆರಾದ ತಿದಿಯಂಥ ಬೆಲ್ಲೋಸ್‌ನ ಮೂಲೆಯಲ್ಲಿ ಬಿರುಕು. ಕತ್ತಲೆ ಕೋಣೆಯಲ್ಲಿ ಒಳಗೆ ಸಣ್ಣ ಟಾರ್ಚ್ ಇಟ್ಟರೆ ಹೊರಗಿನಿಂದ ನಕ್ಷತ್ರದಂತೆ ಮಿನುಗಿ ಸಿಕ್ಕಿಬೀಳುತ್ತದೆ.

ಫ್ರೇಮಿನ ಒಂದು ಬದಿ ಗಾಢ, ಇನ್ನೊಂದು ಬದಿ ತೆಳು, ಅದೂ 1/500, 1/1000ದಂಥ ವೇಗಗಳಲ್ಲಿ ಮಾತ್ರ. ಹೀಗಿದ್ದರೆ ಎರಡು ಷಟರ್ ಪರದೆಗಳು ಸಮನಾಗಿ ಓಡುತ್ತಿಲ್ಲ. ಕೆಳಗಿನ ವೇಗಗಳಲ್ಲಿ ಕ್ಯಾಮೆರಾ ಬಳಸುತ್ತಿರಬಹುದು, ರಿಪೇರಿ ಆಗುವ ತನಕ. ಫ್ಲ್ಯಾಷ್ ಹಾಕಿದಾಗ ಮಾತ್ರ ಅರ್ಧ ಚಿತ್ರ ಬಂದರೆ ವೇಗವನ್ನು ಫ್ಲ್ಯಾಷ್ ಗುರುತಿಗಿಂತ ಮೇಲಿಟ್ಟಿದ್ದೀರಿ, ಅಷ್ಟೇ.

ಪಟ್ಟಿಯ ಉದ್ದಕ್ಕೂ ನೇರ ಗೀರು ಇದ್ದರೆ ಫಿಲಂ ಓರೆ ಹಿಡಿದು ಯಾವ ಮುಖದ ಮೇಲಿದೆ ನೋಡಿ. ಹೊಳೆಯುವ ಮುಖ ಹಿಂಬಾಗಿಲಿನ ಒತ್ತುಫಲಕದ ಕಡೆಯದು, ಮಂಕು ಮುಖ ಲೆನ್ಸ್ ಕಡೆಯದು. ಆಯಾ ಕಡೆ ಧೂಳು ಹುಡುಕಿ. ಮರದ ಕೊಂಬೆಯಂತೆ ಕವಲೊಡೆದ ಮಿಂಚಿನ ಗೆರೆ ಕಂಡರೆ ಒಣ ಹವೆಯಲ್ಲಿ ಫಿಲಂ ಜೋರಾಗಿ ಸುತ್ತಿದಾಗ ಹುಟ್ಟಿದ ಸ್ಥಿರ ವಿದ್ಯುತ್. ನಿಧಾನ ಸುತ್ತಿದರೆ ಸಾಕು.

ಚಿತ್ರ ಮಸುಕಾಗಿದೆಯೇ? ವ್ಯಕ್ತಿ ಮಸುಕಾಗಿ ಹಿಂದಿನ ಗೋಡೆ ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಚೂಪಾಗಿದ್ದೂ ಮಂಜಿನ ಪರದೆ ಹಾಕಿದಂತಿದ್ದರೆ ಲೆನ್ಸಿನಲ್ಲಿ ಬೂಷ್ಟು. ಲೆನ್ಸಿನೊಳಗೆ ಬೆಳಕು ಹಾಯುವ ಕಂಡಿಯಾದ ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ.

ಮೀಟರ್ ಸುಳ್ಳು ಹೇಳುತ್ತಿದೆಯಾ?

1960, 70ರ ದಶಕದ ಎಷ್ಟೋ ಕ್ಯಾಮೆರಾಗಳನ್ನು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಹೊಂದಿಸಿ ಮಾಡಿದ್ದರು. ಅವು ಈಗ ಸಿಗುವುದಿಲ್ಲ. ಅದೇ ಅಳತೆಯ 1.5 ವೋಲ್ಟಿನದ್ದು ಹಾಕಿದರೆ ಹೆಚ್ಚಿನವುಗಳ ಮುಳ್ಳು ಬೆಳಕು ಜಾಸ್ತಿ ಇದೆ ಅನ್ನುತ್ತದೆ, ನೀವು ಕಡಿಮೆ ಬೆಳಕು ಕೊಡುತ್ತೀರಿ, ನೆಗೆಟಿವ್ ತೆಳುವಾಗುತ್ತದೆ. ಕಿವಿಯ ಶ್ರವಣಯಂತ್ರಕ್ಕೆ ಹಾಕುವ ಜಿಂಕ್ ಏರ್ ಬ್ಯಾಟರಿಯ ವೋಲ್ಟೇಜ್ ಹಳೆಯದಕ್ಕೆ ಹತ್ತಿರ, ಆದರೆ ಅಂಟುಪಟ್ಟಿ ಕಿತ್ತ ಮೇಲೆ ಅದರ ಆಯಸ್ಸು ಕಡಿಮೆ. ಪೆಂಟ್ಯಾಕ್ಸ್ ಸ್ಪಾಟ್‌ಮ್ಯಾಟಿಕ್‌ನಂಥವುಗಳ ಸರ್ಕ್ಯೂಟಿಗೆ ಈ ವ್ಯತ್ಯಾಸ ತಟ್ಟುವುದಿಲ್ಲ. ಮುಳ್ಳು ಅಲುಗದಿದ್ದರೆ ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು ಇದೆಯಾ ನೋಡಿ, ವಿನೆಗರ್ ತಾಗಿಸಿದ ಹತ್ತಿಯಿಂದ ಒರೆಸಿ ಒಣಗಿಸಿ. ಸೆಲೆನಿಯಂ ಮೀಟರಿಗೆ ಬ್ಯಾಟರಿಯೇ ಇಲ್ಲ. ಅದರ ಮುಳ್ಳು ನಿಂತರೆ ಹೆಚ್ಚಾಗಿ ಸೆಲ್ಲೇ ಸತ್ತಿರುತ್ತದೆ.

ಮೀಟರ್, ಷಟರ್, ಅಪರ್ಚರ್ ಮೂರರಲ್ಲಿ ಯಾವುದು ಅಂತ ಬಿಡಿಸಲು ಒಂದು ಪರೀಕ್ಷಾ ರೀಲು ಹಾಕಿ. ಐಎಸ್‌ಒ (ಫಿಲಂ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 100 ಇರುವ ಫಿಲಂ, ನಡುಹಗಲ ಬಿಸಿಲು, ಮೀಟರ್ ನೋಡಲೇಬೇಡಿ. ಒಂದೇ ಗೋಡೆಯನ್ನು 1/125 ವೇಗಕ್ಕೆ ಎಫ್/16 ಅಪರ್ಚರ್, 1/250ಕ್ಕೆ ಎಫ್/11, 1/500ಕ್ಕೆ ಎಫ್/8, 1/1000ಕ್ಕೆ ಎಫ್/5.6 ಇಟ್ಟು ತೆಗೆಯಿರಿ. ನಾಲ್ಕೂ ನೆಗೆಟಿವ್ ಒಂದೇ ಗಾಢತೆಯಲ್ಲಿರಬೇಕು. ಒಂದು ಮಾತ್ರ ಬೇರೆಯಾದರೆ ಆ ವೇಗದ ಮೇಲೋ ಆ ಅಪರ್ಚರ್ ಮೇಲೋ ಅನುಮಾನ. ಅದೇ ವೇಗವನ್ನು ಬೇರೆ ಅಪರ್ಚರ್ ಜೊತೆ, ಬೇರೆ ಐಎಸ್‌ಒ ಫಿಲಂನಲ್ಲಿ ತೆಗೆದರೆ ಇತ್ಯರ್ಥವಾಗುತ್ತದೆ. ಎಲ್ಲವೂ ಸಮನಾಗಿದ್ದರೆ ತಪ್ಪು ಮೀಟರಿನದ್ದು. ಫ್ರೇಮ್ ಸಂಖ್ಯೆ, ವೇಗ, ಅಪರ್ಚರ್ ಆಗಲೇ ಬರೆದಿಟ್ಟುಕೊಳ್ಳಿ. ಹೊಸದಾಗಿ ಸರಿಮಾಡಿದ ಪೆನ್ನಿನಲ್ಲೇ ಇದನ್ನು ಬರೆದರೆ ಅದಕ್ಕೂ ಒಳ್ಳೆಯ ಪರೀಕ್ಷೆ, ನಿಂತು ನಿಂತು ಬರೆಯುವಾಗಲೇ ಅದು ಶುರುವಾಗಲು ಸತಾಯಿಸುತ್ತದಾ ಅಂತ ಗೊತ್ತಾಗುವುದು.

ಇಲ್ಲಿಗೆ ನಿಲ್ಲಿಸಿ

ಒಳಗೇ ಫ್ಲ್ಯಾಷ್ ಇರುವ ಕ್ಯಾಮೆರಾವನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಅದರ ಕೆಪಾಸಿಟರ್ ಸುಮಾರು 300 ವೋಲ್ಟ್ ಹಿಡಿದಿರುತ್ತದೆ, ಬ್ಯಾಟರಿ ತೆಗೆದ ಮೇಲೂ ಶಾಕ್ ಹೊಡೆಯುತ್ತದೆ. ಷಟರ್ ಪರದೆಯ ಬಿಗಿತ, ಅಂಟಾದ ಗ್ರೀಸ್ ತೆಗೆಯುವುದು, ಲೆನ್ಸ್ ಬಿಚ್ಚಿ ಬೂಷ್ಟು ಒರೆಸುವುದು, ನಿಬ್ಬಿನ ತುದಿ ಉಜ್ಜುವುದು, ಇವೆಲ್ಲ ಕಸುಬು ಬಲ್ಲವರ ಕೆಲಸ. ಅವರ ಹತ್ತಿರ ಹೋಗುವಾಗ ಕ್ಯಾಮೆರಾ ಜೊತೆ ಆ ನೆಗೆಟಿವ್ ಪಟ್ಟಿ ಮತ್ತು ಬರೆದಿಟ್ಟ ಚೀಟಿ ಒಯ್ಯಿರಿ. ಪೆನ್ನಿನ ಜೊತೆ ಅದು ತಪ್ಪಿ ಬರೆದ ಹಾಳೆಯನ್ನೂ, ತುಂಬಿದ್ದ ಶಾಯಿಯ ಹೆಸರನ್ನೂ ಕೊಡಿ.